ಸರ್ ಜಾನ್ ಫಾಸ್ಟೊಲ್ಫನ ಜಮೀನು: ನಾನು ಲೆಕ್ಕ ಬಿಡಿಸಿದ ಬಗೆ

ಮಧ್ಯಯುಗದ ಇಂಗ್ಲೆಂಡಿನ ನೈಟ್ ಒಬ್ಬನ ಬದುಕನ್ನು ಹುಡುಕಹೊರಟವರು ಸಾಮಾನ್ಯವಾಗಿ ಅವನ ಯುದ್ಧಗಳಿಂದ ಶುರುಮಾಡುತ್ತಾರೆ. ನಾನು ಅವನ ಜಮೀನಿನಿಂದ ಶುರುಮಾಡಿದೆ. ಆರಿಸಿಕೊಂಡದ್ದು ಸರ್ ಜಾನ್ ಫಾಸ್ಟೊಲ್ಫನನ್ನು. 1380ರಲ್ಲಿ ನಾರ್ಫೋಕ್‌ನ ಕೇಸ್ಟರ್‌ನಲ್ಲಿ ಹುಟ್ಟಿ, ನೂರು ವರ್ಷಗಳ ಯುದ್ಧದಲ್ಲಿ ದಶಕಗಳ ಕಾಲ ಫ್ರಾನ್ಸಿನಲ್ಲಿ ಕಾದಾಡಿ, 1459ರ ನವೆಂಬರ್ 5ರಂದು ಅದೇ ಕೇಸ್ಟರ್‌ನಲ್ಲಿ ತಾನೇ ಕಟ್ಟಿಸಿದ ಇಟ್ಟಿಗೆಯ ಕೋಟೆಯಲ್ಲಿ ಕಣ್ಣುಮುಚ್ಚಿದವನು. ಅವನನ್ನೇ ಆರಿಸಲು ಕಾರಣವಿದೆ. ಅವನ ಬಗ್ಗೆ ಉಳಿದಿರುವಷ್ಟು ಕಾಗದಪತ್ರ ಆ ಕಾಲದ ನೈಟ್‌ಗಳಲ್ಲಿ ತೀರಾ ಕೆಲವರ ಬಗ್ಗೆ ಮಾತ್ರ ಉಳಿದಿದೆ. ಒಂದು ಕಡೆ ಅದೇ ನಾರ್ಫೋಕ್ ಸೀಮೆಯ ಭೂಮಾಲೀಕರಾದ ಪಾಸ್ಟನ್ ಕುಟುಂಬದ ಪತ್ರಗಳು, ಇನ್ನೊಂದು ಕಡೆ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿಗೆ ಸೇರಿದ ಅವನ ಜಮೀನಿನ ದಾಖಲೆಗಳು. ಪತ್ರಗಳ ಅಚ್ಚಾದ ಆವೃತ್ತಿ ಮನೆಯಲ್ಲಿ ಕುಳಿತೇ ಓದಲು ಸಿಗುತ್ತದೆ. ನನ್ನ ಕೆಲಸದ ಮುಖ್ಯ ಆಧಾರ ಅದೇ.

ಮೊದಲು ಒಂದು ದೊಡ್ಡ ಪಟ್ಟಿ ಮಾಡಿಕೊಂಡೆ. ಪ್ರತಿ ಮ್ಯಾನರ್‌ಗೆ, ಅಂದರೆ ಒಡೆಯನ ಸ್ವಂತ ಹೊಲ, ಗೇಣಿದಾರರ ಹೊಲ, ನ್ಯಾಯಸಭೆ ಎಲ್ಲ ಸೇರಿದ ಹಿಡುವಳಿಗೆ, ಒಂದೊಂದು ಸಾಲು. ಅದು ಕೈಗೆ ಬಂದದ್ದು ಹೇಗೆ, ಯಾವಾಗ, ವರ್ಷದ ಆದಾಯವೆಷ್ಟು, ತಕರಾರು ತೆಗೆದವರು ಯಾರು, ಕೊನೆಗೆ ಹೋದದ್ದು ಯಾರಿಗೆ ಎಂದು ಅಂಕಣಗಳು. ಹಳೆಯ ಪಹಣಿ ಓದಿ ಅಭ್ಯಾಸವಿದ್ದವರಿಗೆ ಈ ಕೆಲಸದ ಮರ್ಮ ಬೇಗ ಹಿಡಿಯುತ್ತದೆ: ಹೆಸರಿರುವವನೇ ಉಳುವವನಲ್ಲ, ಉಳುವವನೇ ಉಣ್ಣುವವನಲ್ಲ.

ತಾರೀಖುಗಳಿಗೆ ತಾಳ್ಮೆ ಬೇಕು. ದಾಖಲೆಗಳು ರಾಜನ ಆಳ್ವಿಕೆಯ ವರ್ಷವನ್ನು ಹೇಳುತ್ತವೆ. ಆರನೆಯ ಹೆನ್ರಿಯ 28ನೇ ವರ್ಷವೆಂದರೆ 1449ರ ಸೆಪ್ಟೆಂಬರ್‌ನಿಂದ 1450ರ ಆಗಸ್ಟ್‌ವರೆಗೆ. ಜಮೀನಿನ ಲೆಕ್ಕವಾದರೋ ಸೆಪ್ಟೆಂಬರ್ 29ರ ಮೈಕಲ್‌ಮಸ್ ಹಬ್ಬದಿಂದ ಮುಂದಿನ ಮೈಕಲ್‌ಮಸ್‌ವರೆಗೆ. ಹಣ ಕೆಲವೆಡೆ ಪೌಂಡ್, ಕೆಲವೆಡೆ ಮಾರ್ಕ್. ಒಂದು ಮಾರ್ಕ್ ಎಂದರೆ 13 ಷಿಲ್ಲಿಂಗ್ 4 ಪೆನ್ಸ್, ಪೌಂಡಿನ ಮೂರರಲ್ಲಿ ಎರಡು ಪಾಲು. ಎಲ್ಲವನ್ನೂ ಮೊದಲೇ ಪೌಂಡಿಗೆ ಇಳಿಸಿಕೊಂಡರೆ ಮುಂದಿನ ಕೆಲಸ ಸಲೀಸು.

ಪಟ್ಟಿ ತುಂಬುತ್ತಾ ಹೋದಂತೆ ಮನುಷ್ಯ ಕಾಣತೊಡಗಿದ. ತಂದೆಯಿಂದ ಬಂದದ್ದು ಕೇಸ್ಟರ್ ಮತ್ತು ರೆಪ್ಸ್, ವರ್ಷಕ್ಕೆ ಸುಮಾರು 46 ಪೌಂಡ್. 1409ರಲ್ಲಿ ವಿಧವೆ ಮಿಲಿಸೆಂಟಳನ್ನು ಮದುವೆಯಾದಾಗ ವಿಲ್ಟ್‌ಷೈರಿನ ಕಾಸಲ್ ಕೂಮ್ ಮೊದಲಾದ ಅವಳ ಜಮೀನುಗಳಿಂದ ವರ್ಷಕ್ಕೆ ಸುಮಾರು 240 ಪೌಂಡ್ ಸೇರಿತು. ಉಳಿದದ್ದೆಲ್ಲ ಯುದ್ಧದ ದುಡ್ಡು: ಸಂಬಳ, ಸೆರೆಯಾಳುಗಳ ಒತ್ತೆಹಣ, 1424ರ ವೆರ್ನೈ ಕದನದ ಗಳಿಕೆ, ನಾರ್ಮಂಡಿ ಮತ್ತು ಮೇನ್ ಪ್ರಾಂತಗಳ ಜಹಗೀರುಗಳು. ಫ್ರಾನ್ಸಿನಲ್ಲಿ ಬಂದದ್ದನ್ನು ಫ್ರಾನ್ಸಿನಲ್ಲೇ ಹೂಡಿ ಕೂರಲಿಲ್ಲ ಎನ್ನುವುದರಲ್ಲಿ ಅವನ ಜಾಣತನವಿದೆ. 13,000 ಪೌಂಡಿಗೂ ಹೆಚ್ಚು ಸುರಿದು ಇಂಗ್ಲೆಂಡಿನಲ್ಲಿ ಜಮೀನು ಕೊಂಡ. 1445ರ ಹೊತ್ತಿಗೆ ಇಂಗ್ಲೆಂಡಿನ ಆಸ್ತಿಯ ವಾರ್ಷಿಕ ಆದಾಯವೇ ಸಾವಿರ ಪೌಂಡ್ ದಾಟಿತ್ತು. 1450ರಲ್ಲಿ ನಾರ್ಮಂಡಿ ಇಂಗ್ಲಿಷರ ಕೈತಪ್ಪಿದಾಗ ಅನೇಕ ಸೇನಾನಿಗಳು ಬರಿಗೈಯಾದರು, ಇವನು ಆಗಲಿಲ್ಲ.

ನನ್ನನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸಿದ್ದು ತಕರಾರಿನ ಅಂಕಣ. ಕೊಂಡ ಜಮೀನಿಗೆ ಹಳೆಯ ವಾರಸುದಾರರ ನೆರಳು ಬಿಡುವುದಿಲ್ಲ. ನಾರ್ಫೋಕ್‌ನ ಟಿಚ್‌ವೆಲ್ ಮ್ಯಾನರನ್ನು ಅವನು 1431ರಲ್ಲಿ ಕೊಂಡಿದ್ದ. 1448ರಲ್ಲಿ ಅದು ಎಸ್ಚೀಟರ್ ಎಂಬ ರಾಜಾಧಿಕಾರಿಯ ತನಿಖೆಯ ಮೂಲಕ ರಾಜನ ವಶಕ್ಕೆ ಹೋಯಿತು. ಹಲ್ ಮತ್ತು ವೇಕ್ ಎಂಬಿಬ್ಬರು ತಮ್ಮ ಹೆಂಡತಿಯರ ಕಡೆಯ ಹಕ್ಕು ಮುಂದಿಟ್ಟು ಅದನ್ನು ಅನುಭವಿಸತೊಡಗಿದರು. ಅದನ್ನು ಬಿಡಿಸಿಕೊಳ್ಳಲು 1455ರವರೆಗೆ ಕೋರ್ಟು ಹತ್ತಬೇಕಾಯಿತು. ಹೆಲ್ಸ್‌ಡನ್, ಡ್ರೇಟನ್‌ಗಳ ಮೇಲೆ ಸಫೋಕ್ ಡ್ಯೂಕ್ ಮನೆತನದ ಕಣ್ಣು ಬಿದ್ದಿತ್ತು.

ಈ ಹಿನ್ನೆಲೆ ಗೊತ್ತಾದ ಮೇಲೆ 1450ರ ಮೇ 27ರ ಪತ್ರವನ್ನು ಮತ್ತೆ ತೆರೆದೆ. ಸಫೋಕ್ ಡ್ಯೂಕ್ ಸಮುದ್ರದಲ್ಲಿ ಕೊಲೆಯಾಗಿ ಒಂದು ತಿಂಗಳೂ ಆಗಿರಲಿಲ್ಲ. ಎಪ್ಪತ್ತರ ಮುದುಕ ತನ್ನ ಜಮೀನು ನೋಡಿಕೊಳ್ಳುತ್ತಿದ್ದ ಪಾದ್ರಿ ಥಾಮಸ್ ಹೌಸ್‌ಗೆ ಬರೆಯುತ್ತಾನೆ: ನನ್ನ ಹಕ್ಕಿನ ವಿಷಯದಲ್ಲಿ ನಿನಗೆ ಎದುರು ಬೀಳುವಷ್ಟು ಎದೆಗಾರಿಕೆ ಯಾರಿಗಿದೆಯೋ ತಿಳಿಸು, ಕಾನೂನು, ನ್ಯಾಯ ಒಪ್ಪುವಷ್ಟು ತಕ್ಕದ್ದು ಮಾಡುತ್ತೇನೆ, ಅದಕ್ಕೂ ಅಂಜದಿದ್ದರೆ ಕರಿಗಡ್ಡದವನೋ ಬಿಳಿಗಡ್ಡದವನೋ, ಅಂದರೆ ದೇವರೋ ದೆವ್ವವೋ, ಅವರಿಗೆ ತೀರಿಸುತ್ತಾರೆ. ರಣರಂಗದ ವರ್ಣನೆಗಳಲ್ಲಿ ಎಲ್ಲೂ ಕಾಣದ ಫಾಸ್ಟೊಲ್ಫ್ ನನಗೆ ಇಲ್ಲಿ ಸಿಕ್ಕಿದ. ನೈಟ್‌ನ ಶೌರ್ಯದ ಬಗ್ಗೆ ಕೇಳಿದವರಿಗೆ ನಾನು ಈ ಪತ್ರವನ್ನೇ ಓದಿ ಹೇಳುತ್ತೇನೆ.

ಈ ಕೆಲಸಕ್ಕೆ ಇಳಿಯುವವರಿಗೆ ಒಂದು ಎಚ್ಚರಿಕೆ. ರಾಜನಿಂದ ನೇರವಾಗಿ ಜಮೀನು ಹಿಡಿದವನು ಸತ್ತಾಗ ಎಸ್ಚೀಟರ್ ಸ್ಥಳೀಯ ಪಂಚರನ್ನು ಕೂರಿಸಿ ಆಸ್ತಿಯ ವಿಚಾರಣೆ ನಡೆಸುತ್ತಿದ್ದ. ಆ ವರದಿಗಳು ಅಮೂಲ್ಯ, ಆದರೆ ಅವನ್ನೇ ಪೂರ್ಣ ಪಟ್ಟಿಯೆಂದು ನಂಬಬಾರದು. ಹದಿನೈದನೆಯ ಶತಮಾನದ ಭೂಮಾಲೀಕರು ಜಮೀನನ್ನು ವಿಶ್ವಾಸಿಗಳ ಗುಂಪಿನ ಹೆಸರಿಗೆ ಬರೆದಿಟ್ಟು ಆದಾಯವನ್ನು ತಾವೇ ಉಣ್ಣುತ್ತಿದ್ದರು. ಫಾಸ್ಟೊಲ್ಫ್ ಕೂಡ ಹಾಗೆಯೇ ಮಾಡಿದ್ದ. ಅಂಥ ಜಮೀನು ವಿಚಾರಣೆಯ ಕಣ್ಣಿಗೆ ಬೀಳದೆ ಹೋಗಬಹುದು. ಅದಕ್ಕೇ ನಾನು ಪತ್ರ, ಉಯಿಲು, ಮ್ಯಾನರ್ ಲೆಕ್ಕ ಮೂರನ್ನೂ ಒಟ್ಟಿಗಿಟ್ಟು ತಾಳೆ ನೋಡುತ್ತೇನೆ.

ಕೊನೆಯ ಅಂಕಣ ತುಂಬುವುದು ಬೇಸರದ ಕೆಲಸವಾಗಿತ್ತು. ಅವನಿಗೆ ಮಕ್ಕಳಿರಲಿಲ್ಲ. ಕೇಸ್ಟರ್‌ನಲ್ಲಿ ಏಳು ಪಾದ್ರಿಗಳು, ಏಳು ಬಡವರು ತನಗಾಗಿ ಪ್ರಾರ್ಥಿಸುವ ಧರ್ಮಸಂಸ್ಥೆಯೊಂದು ಇರಬೇಕೆಂಬುದು ಅವನ ಆಸೆ. ಸಾಯುವ ಎರಡು ದಿನ ಮೊದಲು ಬಾಯಿಮಾತಿನಲ್ಲಿ ಎಲ್ಲವನ್ನೂ ತನಗೆ ವಹಿಸಿದನೆಂದು ಪಾಸ್ಟನ್ ಕುಟುಂಬದ ವಕೀಲ ಜಾನ್ ಪಾಸ್ಟನ್ ಹೇಳಿದ. ಫಾಸ್ಟೊಲ್ಫನ ಕಾರ್ಯದರ್ಶಿ ವಿಲಿಯಂ ವುರ್ಸ್ಟರ್ ಒಪ್ಪಲಿಲ್ಲ. 1465ರಲ್ಲಿ ಕೊಲೆಯಾದ ಡ್ಯೂಕನ ಮಗ, ಆಗಿನ ಸಫೋಕ್ ಡ್ಯೂಕನ ಜನ ಹೆಲ್ಸ್‌ಡನ್‌ನ ಮನೆ ಕೆಡವಿದರು, 1469ರಲ್ಲಿ ನಾರ್ಫೋಕ್ ಡ್ಯೂಕ್ ಕೇಸ್ಟರ್ ಕೋಟೆಗೆ ಮುತ್ತಿಗೆ ಹಾಕಿ ಗೆದ್ದ. 1470ರ ರಾಜಿಯಲ್ಲಿ ಬಹುಪಾಲು ಜಮೀನು ಬಿಷಪ್ ವೇನ್‌ಫ್ಲೀಟ್ ಸ್ಥಾಪಿಸಿದ ಮಾಡ್ಲಿನ್ ಕಾಲೇಜಿನ ಪಾಲಾಯಿತು. ಧರ್ಮಸಂಸ್ಥೆ ಕೇಸ್ಟರ್‌ನಲ್ಲಿ ಏಳಲೇ ಇಲ್ಲ. ಇದನ್ನು ಬರೆಯುವಾಗ ನನಗೆ ಆ ಮುದುಕನ ಪರವಾಗಿ ಸಂಕಟವಾಗುತ್ತದೆ.

ಕಾಸಲ್ ಕೂಮ್‌ನ ಸಾಲು ಮಾತ್ರ ಬೇರೆ. ಮಿಲಿಸೆಂಟಳ ಮಗ ಸ್ಟೀಫನ್ ಸ್ಕ್ರೋಪ್ ತಾಯಿಯ ಆ ಜಮೀನಿಗಾಗಿ ಮಲತಂದೆ ಸಾಯುವವರೆಗೂ ಕಾದಿದ್ದ. ಅವನು ಹುಡುಗನಾಗಿದ್ದಾಗ ಅವನ ಪಾಲನೆಯ ಹಕ್ಕನ್ನೇ ಫಾಸ್ಟೊಲ್ಫ್ 500 ಮಾರ್ಕ್‌ಗೆ ಮಾರಿದ್ದ. 1459ರಲ್ಲಿ ಜಮೀನು ಅವನಿಗೆ ಸೇರಿತು, ಆಗ ಅವನೂ ಅರವತ್ತರ ಆಸುಪಾಸಿನವನು.