ಆರು ಮಕ್ಕಳ ಮನೆಪಾಠ ಮತ್ತು ನಾವಿಬ್ಬರು

ಮಕ್ಕಳಿಗೆ ಶಾಲೆಯ ಬದಲು ಮನೆಯಲ್ಲೇ ಕಲಿಸಬೇಕೆಂದಿರುವ ಕ್ರೈಸ್ತ ವಿಶ್ವಾಸಿ ದಂಪತಿಗಳು ನಮ್ಮ ಮನೆಗೆ ಬಂದರೆ ಪುಸ್ತಕ ಯಾವುದು, ಪರೀಕ್ಷೆ ಯಾವುದು ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು, ಇಬ್ಬರಿಗೂ ಮನಸ್ಸಿದೆಯಾ ಅಂತ. ಒಬ್ಬರ ಹಟಕ್ಕೆ ಇನ್ನೊಬ್ಬರು ಹೂಂ ಅಂದಿದ್ದಾದರೆ ಬೇಡವೇ ಬೇಡ. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಯಲ್ಲಿ ಆರು ಮಕ್ಕಳ ಪಾಠ ನಡೆಯುತ್ತಿರುವುದು ಗಂಡ ಹೆಂಡತಿಯ ಒಮ್ಮತದಿಂದ.

ಬೆಳಿಗ್ಗೆ ಕೊಟ್ಟಿಗೆ ಕೆಲಸ, ತಿಂಡಿ ಮುಗಿದ ಮೇಲೆ ಕುಟುಂಬ ಪ್ರಾರ್ಥನೆ. ಒಂದು ಕೀರ್ತನೆ, ಬೈಬಲಿನ ಒಂದು ಅಧ್ಯಾಯ. ಓದಲು ಬರುವವರು ಸರದಿಯಂತೆ ಓದುತ್ತಾರೆ. ಚರಿತ್ರೆ, ವಿಜ್ಞಾನ ಎಲ್ಲರಿಗೂ ಒಟ್ಟಿಗೆ. ಗಣಿತ ಮತ್ತು ಓದು ಮಾತ್ರ ಒಬ್ಬೊಬ್ಬರನ್ನೇ ಕೂರಿಸಿಕೊಂಡು. ಆರು ಮಕ್ಕಳಿಗೆ ಆರು ತರಗತಿ ನಡೆಸಲು ಹೊರಟರೆ ತಾಯಿಯಾದವಳು ಮಲಗಿಬಿಡುತ್ತಾಳೆ.

ಕೂತಿರುವಾಗಲೂ ದಾರಿ ನಡೆಯುವಾಗಲೂ ಮಕ್ಕಳಿಗೆ ಕಲಿಸಿ ಎಂದು ಬೈಬಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿದೆ. ನಮಗೆ ದಾರಿ ಎಂದರೆ ತೋಟ. ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಪಾಠ ನನ್ನ ಗಂಡನದು. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿಗೆ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿಗೆ. ಎರಡೂ ಸೇರಿದರೆ ಶೇ. 1ರ ದ್ರಾವಣ. ಅರ್ಧ ಡ್ರಮ್ಮಿಗೆ ಎಷ್ಟು ಅಂತ ಮಕ್ಕಳೇ ಲೆಕ್ಕ ಹಾಕಬೇಕು. ಆಮೇಲೆ ಉಜ್ಜಿದ ಚಾಕು ಅದ್ದಿ ನೋಡುತ್ತಾರೆ. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ತಾಮ್ರ ಕಬ್ಬಿಣದ ಮೇಲೆ ಯಾಕೆ ಕೂರುತ್ತದೆ ಅನ್ನುವ ಪ್ರಶ್ನೆಗೆ ರಾತ್ರಿ ರಸಾಯನಶಾಸ್ತ್ರದ ಪುಸ್ತಕ ತೆಗೆಯಲೇಬೇಕಾಗುತ್ತದೆ.

ದೊಡ್ಡ ಕುಟುಂಬಗಳಲ್ಲಿ ನನಗೆ ತುಂಬಾ ನೋವು ಕೊಡುವುದು ಹಿರಿಮಗಳನ್ನು ಎರಡನೇ ತಾಯಿ ಮಾಡಿಬಿಡುವುದು. ನಮ್ಮ ದೊಡ್ಡವಳು ತಮ್ಮಂದಿರಿಗೆ ಕಥೆ ಓದುತ್ತಾಳೆ, ಪಾತ್ರೆ ತೊಳೆಯಲು ಕೈಜೋಡಿಸುತ್ತಾಳೆ. ಮಗುವಿಗೆ ಸ್ನಾನ, ರಾತ್ರಿ ಎದ್ದು ಸಮಾಧಾನ, ಗದರಿ ತಿದ್ದುವುದು ನಮ್ಮ ಪಾಲು. ಹೆತ್ತವರು ನಾವು. ಅವಳಿಗೆ ಅವಳದೇ ಓದಿನ ಹೊತ್ತು ಬೇಕು.

ಆ ಹೊತ್ತು ಉಳಿಯುವುದು ಗಂಡನೂ ಮನೆಗೆಲಸಕ್ಕೆ ನಿಂತಾಗ. ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯವನ್ನು ನಮ್ಮ ಸಭೆಗಳಲ್ಲಿ ಮದುವೆಯ ದಿನ ಓದುತ್ತಾರೆ. ಹೆಂಡತಿ ಅಧೀನಳಾಗಿರಬೇಕು ಎಂಬ ಮಾತು ಎಲ್ಲರಿಗೂ ನೆನಪಿರುತ್ತದೆ. ಅದಕ್ಕಿಂತ ಮೊದಲು, 21ನೇ ವಚನದಲ್ಲಿ, ಒಬ್ಬರಿಗೊಬ್ಬರು ಅಧೀನರಾಗಿರಿ ಎಂದಿರುವುದನ್ನು ನಾವಿಬ್ಬರೂ ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ಸಂಜೆ ಒಲೆ ಮುಂದೆ ಇವರು, ಮಕ್ಕಳ ಬರವಣಿಗೆ ತಿದ್ದುತ್ತಾ ನಾನು. ಅಡಿಕೆ ಸುಲಿಯುವ ಕಾಲದಲ್ಲಿ ಪಾಠ ಅರ್ಧಕ್ಕೆ ಇಳಿಸುತ್ತೇವೆ, ಯಾರೂ ಹಳಿದುಕೊಳ್ಳುವುದಿಲ್ಲ.

ಮಕ್ಕಳು ಮಲಗಿದ ಮೇಲೆ ಜಗಲಿಯಲ್ಲಿ ಇಬ್ಬರೇ ಕೂರುತ್ತೇವೆ. ಅಮ್ಮ ಬೇಡ ಅಂದದ್ದಕ್ಕೆ ಅಪ್ಪನ ಹತ್ತಿರ ಹೂಂ ಅನ್ನಿಸಿಕೊಳ್ಳಲು ಮಕ್ಕಳು ನೋಡಿಯೇ ನೋಡುತ್ತಾರೆ. ಅಂಥದ್ದೆಲ್ಲ ಅಲ್ಲಿ ಇತ್ಯರ್ಥ. ಹಗಲು ಅವರ ಎದುರಿಗೆ ಮಾತು ಬಿರುಸಾಗಿದ್ದರೆ ಕ್ಷಮೆಯನ್ನೂ ಅವರ ಎದುರಿಗೇ ಕೇಳಬೇಕು ಅನ್ನುವುದು ನಮ್ಮ ನೇಮ. ಜಗಳ ಕಂಡವರಿಗೆ ರಾಜಿಯೂ ಕಾಣಬೇಕಲ್ಲ.

ಕಾನೂನಿನ ವಿಷಯ ಮುಚ್ಚಿಡಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎನ್ನುತ್ತದೆ. ಮನೆಪಾಠದ ಬಗ್ಗೆ ಸ್ಪಷ್ಟವಾಗಿ ಏನೂ ಹೇಳುವುದಿಲ್ಲ. ಇದನ್ನು ತಿಳಿದೇ ಇಬ್ಬರೂ ನಿರ್ಧರಿಸಬೇಕು. ಹತ್ತನೇ ತರಗತಿಗೆ ಸಮನಾದ ಪರೀಕ್ಷೆಯನ್ನು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನಲ್ಲಿ 14 ತುಂಬಿದವರು ಕಟ್ಟಬಹುದು. ದೊಡ್ಡವಳು ಅದಕ್ಕೇ ಓದುತ್ತಿದ್ದಾಳೆ. ಎರಡನೆಯವನಿಗೆ ಹೈಸ್ಕೂಲು ಬೇಕಂತೆ, ಆಟದ ಮೈದಾನ ಬೇಕಂತೆ. ಮನೆಪಾಠವೇ ನಮ್ಮ ವಿಶ್ವಾಸವಲ್ಲವಲ್ಲ. ಇಬ್ಬರೂ ಮಾತಾಡಿ, ಪ್ರಾರ್ಥಿಸಿ, ಹೂಂ ಅಂದೆವು. ಜೂನ್‌ನಿಂದ ಅವನು ಬಸ್ಸು ಹತ್ತುತ್ತಾನೆ. ಬೆಳಗಿನ ಪ್ರಾರ್ಥನೆಯನ್ನು ಅರ್ಧ ಗಂಟೆ ಮುಂಚೆ ಮಾಡಿಕೊಳ್ಳುತ್ತೇವೆ.