ಹುಳು ಜ್ವರಕ್ಕೆ ಕೂತಾಗ ಪುಸ್ತಕ ತೆಗೆಯಿರಿ

ನಮ್ಮದು ಶಿಡ್ಲಘಟ್ಟದ ಕಡೆ ಒಂದು ಹಳ್ಳಿ. ಒಂದೆಕರೆ ಹಿಪ್ಪುನೇರಳೆ ತೋಟ, ಅದರ ಸೊಪ್ಪಿನಲ್ಲಿ ರೇಷ್ಮೆ ಹುಳು ಸಾಕಣೆ, ಒಂದು ಸೀಮೆಹಸು. ಮನೆಯಲ್ಲಿ ಅತ್ತೆ, ಯಜಮಾನರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಪಿಯುಸಿಗೇ ನಿಂತಿದ್ದ ಓದನ್ನು ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಮತ್ತೆ ಹಿಡಿದೆ. ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದೆ. ಎಲ್ಲರ ಹಾಗೆ ನಾನೂ ಗೋಡೆಗೆ ಟೈಮ್ ಟೇಬಲ್ ಅಂಟಿಸಿದೆ. ಬೆಳಗಿನ ಜಾವ 4ರಿಂದ 6, ರಾತ್ರಿ 9ರಿಂದ 11. ನಾಲ್ಕು ದಿನ ನಡೆಯಿತು, ಅಷ್ಟೇ. ಆ ವರ್ಷ ಹುಳು ಹಣ್ಣಾದ, ಅಂದರೆ ಗೂಡು ಕಟ್ಟಲು ತಯಾರಾದ ದಿನವೇ ಪರೀಕ್ಷೆ ಬಂತು. ಒಂದು ಪೇಪರ್ ಹೋಯಿತು. ಲೆಕ್ಕ ಹಾಕದೇ ಚಾಕಿ (ಸಾಕಲು ತರುವ ಮರಿಹುಳು) ತಂದಿದ್ದು ನಾನೇ, ಇನ್ನು ಯಾರನ್ನು ಬೈಯಲಿ?

ಗಂಟೆ ನೋಡಿ ಹಾಕಿದ ಟೈಮ್ ಟೇಬಲ್ ಬೇಸಾಯದ ಮನೆಗೆ ಒಗ್ಗುವುದಿಲ್ಲ. ಬೆಳೆ ನೋಡಿ ಹಾಕಬೇಕು. ರೇಷ್ಮೆಯವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಎಷ್ಟನೇ ದಿನ ಏನು ಕೆಲಸ ಅಂತ ಹುಳು ಮೊದಲೇ ಹೇಳಿಟ್ಟಿರುತ್ತದೆ. ನಾನು ಎರಡನೇ ವರ್ಷದಿಂದ ಮಾಡಿಕೊಂಡ ಕ್ರಮ ಇದು.

1. ಹುಳುವಿನ ದಿನಗಳನ್ನು ಬರೆದಿಡಿ

ಮೊಟ್ಟೆ ಒಡೆದ ಹುಳು ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಜ್ವರ ದಾಟುತ್ತದೆ. ಪೇಟೆಯವರು ಗಾಬರಿಯಾಗಬೇಡಿ, ಇದು ಕಾಯಿಲೆ ಅಲ್ಲ. ಹಳೇ ಚರ್ಮ ಕಳಚುವ ಹೊತ್ತು. ಆಗ ಹುಳು ತಲೆ ಎತ್ತಿ ಅಲ್ಲಾಡದೆ ಕೂತುಬಿಡುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಎರಡನೇ ಜ್ವರ ಏಳುವ ತನಕ ಚಾಕಿ ಕೇಂದ್ರದವರೇ ಸಾಕಿ ಕೊಡುತ್ತಾರೆ. ಓದುವವರು ಮನೆಯಲ್ಲೇ ಚಾಕಿ ಮಾಡುವ ಗೋಜಿಗೆ ಹೋಗಬೇಡಿ. ಮರಿಹುಳುವಿಗೆ 27–28 ಡಿಗ್ರಿ ಬಿಸಿ, ಶೇ 85ರಷ್ಟು ತೇವ ಬೇಕು. ಅದನ್ನು ಕಾಯುತ್ತಾ ಕೂತರೆ ಪುಸ್ತಕ ತೆರೆದ ಹಾಗೇ!

ಚಾಕಿ ಮನೆಗೆ ಬಂದ ಮೇಲೆ ಸುಮಾರು ನಾಲ್ಕು ದಿನ ಸೊಪ್ಪು, ಒಂದು ದಿನ ಮೂರನೇ ಜ್ವರ. ಮತ್ತೆ ನಾಲ್ಕೈದು ದಿನ ಸೊಪ್ಪು, ಒಂದೂವರೆ ದಿನದ ಹತ್ತಿರ ನಾಲ್ಕನೇ ಜ್ವರ. ಆಮೇಲೆ ಏಳೆಂಟು ದಿನ ಐದನೇ ಹಂತ. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಶೇ 80ಕ್ಕೂ ಜಾಸ್ತಿ ಈ ಒಂದು ವಾರದಲ್ಲೇ ಮುಗಿಯುತ್ತದೆ. ಹುಳು ಹಣ್ಣಾಗಿ ಚಂದ್ರಿಕೆ (ಗೂಡು ಕಟ್ಟಲು ಹುಳು ಬಿಡುವ ತಟ್ಟಿ) ಹತ್ತಿದ ಮೇಲೆ ಐದಾರು ದಿನ ಬಿಟ್ಟು ಗೂಡು ಬಿಡಿಸಿ ಮಾರುಕಟ್ಟೆಗೆ ಹೊರಡಬೇಕು. ಒಟ್ಟು ಹೆಚ್ಚೆಂದರೆ 25–26 ದಿನ. ಚಳಿಗಾಲದಲ್ಲಿ ಇನ್ನೂ ಎರಡು ಮೂರು ದಿನ ಎಳೆಯುತ್ತದೆ.

2. ಪರೀಕ್ಷೆಯಿಂದ ಹಿಂದಕ್ಕೆ ಎಣಿಸಿ

ಪರೀಕ್ಷೆ ಡಿಸೆಂಬರ್ 20ಕ್ಕೆ ಅಂದುಕೊಳ್ಳಿ. ಅದಕ್ಕೆ ಐದು ದಿನ ಮುಂಚೆ, ಅಂದರೆ 15ಕ್ಕೆ ಗೂಡು ಮಾರಿ ಕೈ ತೊಳೆದುಕೊಂಡಿರಬೇಕು. ಚಳಿಯ ಲೆಕ್ಕವೂ ಸೇರಿಸಿದರೆ ಚಾಕಿ ನವೆಂಬರ್ 17ರ ಹೊತ್ತಿಗೆ ಮನೆಗೆ ಬರಬೇಕು. ಮೊಟ್ಟೆ ಒಡೆಯಲು ಹತ್ತು ದಿನ, ಎರಡು ಜ್ವರ ದಾಟಲು ಇನ್ನೊಂದು ವಾರ ಚಿಲ್ಲರೆ ಹಿಡಿಯುತ್ತದೆ. ಹಾಗಾಗಿ ಚಾಕಿ ಕೇಂದ್ರಕ್ಕೆ ಅಕ್ಟೋಬರ್ ಕೊನೆಯಲ್ಲೇ ಹೇಳಿಡಿ. ತೋಟ ಕತ್ತರಿಸಿದ ಮೇಲೆ ರೆಂಬೆ ಹದಕ್ಕೆ ಬರಲು 60–70 ದಿನ ಬೇಕು. ಐದನೇ ಹಂತಕ್ಕೆ ಸೊಪ್ಪು ಬೇಕಾಗುವುದು ಡಿಸೆಂಬರ್ ಮೊದಲ ವಾರ. ಅಂದರೆ ಸೆಪ್ಟೆಂಬರ್ ಕೊನೆ ಹತ್ತು ದಿನದೊಳಗೆ ಕತ್ತರಿ ಆಡಿಸಿರಬೇಕು. ನೋಡಿ, ಡಿಸೆಂಬರ್ ಪರೀಕ್ಷೆಯ ತಯಾರಿ ಸೆಪ್ಟೆಂಬರಿನ ತೋಟದಲ್ಲೇ ಶುರುವಾಯಿತು, ಅಲ್ವಾ?

ಪರೀಕ್ಷೆಯ ತಾರೀಕು ಇನ್ನೂ ಬಂದಿಲ್ಲವಾ? ಹೋದ ವರ್ಷದ ತಾರೀಕು ಇಟ್ಟುಕೊಂಡೇ ಎಣಿಸಿ, ಬಂದ ಮೇಲೆ ತಿದ್ದಿ. ತೋಟವನ್ನು ಎರಡು ಭಾಗ ಮಾಡಿ ಒಂದು ತಿಂಗಳ ಅಂತರದಲ್ಲಿ ಕತ್ತರಿಸಿದರೆ ತಿದ್ದಲು ಜಾಗ ಸಿಗುತ್ತದೆ. ನಾವು ಅರ್ಧ ಎಕರೆಗೆ ನೂರು ಮೊಟ್ಟೆಯ ಹುಳು ಮಾತ್ರ ತರುತ್ತೇವೆ (ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳಷ್ಟೂ). ಆಸೆಗೆ ಬಿದ್ದು ನೂರೈವತ್ತು ತಂದ ಸಲ ಕೊನೆಗೆ ಸೊಪ್ಪು ಸಾಲದೆ ಊರೆಲ್ಲ ಅಲೆದಿದ್ದೇವೆ. ಏನು ಮಾಡಿದರೂ ತಾರೀಕು ಕೂಡದಿದ್ದರೆ ಆ ಬೆಳೆ ಬಿಟ್ಟುಬಿಡಿ. ಸೊಪ್ಪನ್ನು ಪಕ್ಕದ ತೋಟದವರಿಗೆ ಮಾರಿ. ದುಡ್ಡು ಕಮ್ಮಿ ಬರುತ್ತದೆ, ನಿಜ.

ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿದ್ದರೆ ಮಾರ್ಚ್ ತಿಂಗಳಿಗೂ ಇದೇ ಲೆಕ್ಕ ಹಾಕಿ. ಅವರ ಪರೀಕ್ಷೆ ನಮ್ಮದಕ್ಕಿಂತ ದೊಡ್ಡದು.

3. ಜ್ವರದ ದಿನ ನಿಮ್ಮದು

ನಮ್ಮತ್ತೆಗೆ ಓದು ಬರಹ ಬರುವುದಿಲ್ಲ. ಆದರೆ ಹುಳುವಿನ ಮೈ ಹೊಳಪು ನೋಡಿ, ಇವತ್ತು ಸಂಜೆಗೆ ಕೂರುತ್ತವೆ ಅಂತ ಹೇಳಿಬಿಡುತ್ತಾರೆ. ನನ್ನ ಓದಿನ ಗಂಟೆ ಬಾರಿಸುವವರು ಅವರೇ. “ಹುಳ ಕೂತವೆ ಕಣಮ್ಮಾ, ನೀನೂ ಪುಸ್ತಕ ಹಿಡ್ಕಂಡು ಕೂತ್ಕೋ” ಅನ್ನುತ್ತಾರೆ.

ಹುಳು ಕೂತ ಮೇಲೆ ಅದರ ಸೊಪ್ಪಿನ ಹಾಸಿಗೆ ಒಣಗಲು ಸುಣ್ಣದ ಪುಡಿ ಉದುರಿಸಬೇಕು, ಗಾಳಿ ಆಡುವ ಹಾಗೆ ಕಿಟಕಿ ತೆರೆಯಬೇಕು. ಅರ್ಧ ಗಂಟೆ ಕೆಲಸ. ಎಲ್ಲ ಹುಳುವೂ ಏಳುವ ತನಕ ಸೊಪ್ಪು ಹಾಕುವ ಹಾಗಿಲ್ಲ. ಮೊದಲು ಎದ್ದವಕ್ಕೆ ಹಾಕಿದರೆ ಹುಳು ಸಣ್ಣದು ದೊಡ್ಡದು ಆಗಿ ಬೆಳೆ ಏರುಪೇರಾಗುತ್ತದೆ. ಅವಸರ ಮಾಡದೆ ಓದುತ್ತಾ ಕೂರುವುದೇ ಹುಳುವಿಗೂ ಒಳ್ಳೆಯದು.

ಎರಡು ಜ್ವರ ಸೇರಿ ಎರಡೂವರೆ ದಿನ. ಚಂದ್ರಿಕೆ ಹತ್ತಿದ ಮೇಲೆ ಗೂಡು ಬಿಡಿಸುವ ತನಕ ಐದು ದಿನ. ಹೀಗೆ ಒಂದು ಬೆಳೆಯಲ್ಲಿ ಸೊಪ್ಪಿನ ಕೆಲಸ ಇಲ್ಲದ ಏಳು ದಿನ ಸಿಕ್ಕೇ ಸಿಗುತ್ತದೆ. ಹೊಸ ಪಾಠ, ಉದ್ದನೆಯ ಉತ್ತರ, ಹಳೇ ಪ್ರಶ್ನೆಪತ್ರಿಕೆ, ಎಲ್ಲ ಆ ದಿನಗಳಿಗೆ ಇಡಿ. ಪ್ರಶ್ನೆಪತ್ರಿಕೆಯನ್ನು ಓದಿ ಮಡಚಿಡಬೇಡಿ, ಮೂರು ಗಂಟೆ ಕೂತು ಬರೆಯಿರಿ. ಕುಡುಗೋಲು ಹಿಡಿದ ಕೈಗೆ ಪೆನ್ನು ಹಿಡಿಯುವುದು ಅಷ್ಟು ಸುಲಭ ಅಲ್ಲ. ನನಗಂತೂ ಮೊದಲ ಪರೀಕ್ಷೆಯಲ್ಲಿ ಒಂದು ಗಂಟೆಗೇ ಬೆರಳು ಮರಗಟ್ಟಿತ್ತು. ಉತ್ತರ ಗೊತ್ತಿದ್ದೂ ಎರಡು ಪ್ರಶ್ನೆ ಬಿಟ್ಟು ಬಂದೆ.

4. ಐದನೇ ಹಂತದಲ್ಲಿ ಓದಲು ಹೋಗಬೇಡಿ

ಆ ವಾರ ಹುಳುವಿನ ಮನೆಯಲ್ಲಿ ಮಳೆ ಬಂದ ಹಾಗೆ ಸದ್ದು. ಅಷ್ಟು ತಿನ್ನುತ್ತವೆ. ಪುಸ್ತಕ ಹಿಡಿದರೆ ಅಲ್ಲೇ ತೂಕಡಿಕೆ. ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ, ಪುಸ್ತಕವನ್ನು ಟ್ರಂಕಿನಲ್ಲಿ ಇಡಿ. ನಾನು ಜ್ವರದ ದಿನ ಮಾಡಿಕೊಂಡ ಟಿಪ್ಪಣಿಯನ್ನು ನನ್ನ ದನಿಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟು, ಸೊಪ್ಪು ಕೊಯ್ಯುವಾಗ ಕೇಳುತ್ತೇನೆ. ತಲೆಗೆ ಹೋದಷ್ಟು ಹೋಗಲಿ.

ಎಲೆ ಬಿಡಿಸಿ ಹಾಕುವ ಹಳೇ ರೂಢಿ ಇನ್ನೂ ಇದ್ದರೆ ರೆಂಬೆ ಸಮೇತ ಹಾಕುವ ಪದ್ಧತಿಗೆ ಬನ್ನಿ. ದಿನಕ್ಕೆ ನಾಲ್ಕೈದು ಸಲ ಹಾಕುವ ಕಡೆ ಎರಡು ಮೂರು ಸಲಕ್ಕೆ ಮುಗಿಯುತ್ತದೆ. ತಿಂದುಳಿದ ಕಡ್ಡಿ, ಸೊಪ್ಪು ಹಸುವಿಗಾಯಿತು.

ಅಡುಗೆಯನ್ನೂ ಇಳಿಸಿ. ಒಂದು ಪಾತ್ರೆ ಹುರುಳಿಕಾಳಿನ ಸಾರು ಕುದಿಸುತ್ತಾ ಎರಡು ದಿನ ನಡೆಸುತ್ತೇವೆ. ಮುದ್ದೆ ಕಟ್ಟುವುದು ಯಜಮಾನರ ಪಾಲು. ಮೊದಮೊದಲು ಗಂಟು ಗಂಟಾಗುತ್ತಿತ್ತು. ಗಂಟಿನ ಮುದ್ದೆ ತಿಂದು ಯಾರೂ ಸತ್ತಿಲ್ಲ.

ಹುಳು ಹಣ್ಣಾಗುವ ದಿನ ಮನೆಮಂದಿ ಸಾಲುವುದಿಲ್ಲ. ನಮ್ಮಲ್ಲಿ ಮುಯ್ಯಾಳು ಕರೆಯುತ್ತೇವೆ. ಅವರು ಇವತ್ತು ನಮ್ಮ ಮನೆಗೆ, ನಾವು ನಾಳೆ ಅವರ ಮನೆಗೆ. ಓದುವವರು ಇಲ್ಲಿ ಒಂದು ಎಚ್ಚರ ಇಟ್ಟುಕೊಳ್ಳಿ. ಮುಯ್ಯಿ ತೀರಿಸುವ ದಿನ ಪರೀಕ್ಷೆಯ ಹಿಂದಿನ ದಿನಕ್ಕೆ ಬಂದರೆ ಇಲ್ಲ ಅನ್ನುವ ಹಾಗಿರುವುದಿಲ್ಲ. ಕರೆಯುವ ಮುಂಚೆಯೇ, “ಅಕ್ಕಾ, ನನಗೆ 20ಕ್ಕೆ ಪರೀಕ್ಷೆ, ಅದಾದ ಮೇಲೆ ಎರಡು ದಿನ ಬಂದು ಮಾಡಿಕೊಡ್ತೀನಿ” ಅಂತ ಬಾಯಿಬಿಟ್ಟು ಹೇಳಿ.

5. ಮಕ್ಕಳಿಗೆ ಯಾವ ಕೆಲಸ

ಚಂದ್ರಿಕೆಯಿಂದ ಗೂಡು ಬಿಡಿಸುವುದು ಮಕ್ಕಳಿಗೆ ಆಟದ ಹಾಗೆ. ರಜೆ ದಿನ ಕೂರಿಸಿಕೊಳ್ಳಿ. ಬ್ಲೀಚಿಂಗ್ ಪೌಡರ್ ಸಿಂಪಡಿಸುವುದು, ಸುಣ್ಣ ಉದುರಿಸುವುದು ಅವರಿಂದ ಬೇಡ. ಸಂಜೆ ಮಕ್ಕಳು ಓದುವಾಗ ಸೊಳ್ಳೆ ಬತ್ತಿ ಹಚ್ಚುತ್ತೀರಾ? ಹುಳುವಿನ ಮನೆ ಹತ್ತಿರ ಇದ್ದರೆ ಅದು ಬೇಡವೇ ಬೇಡ. ಆ ಹೊಗೆಗೆ ಹುಳುವೂ ಸಾಯುತ್ತದೆ. ಸೊಳ್ಳೆ ಪರದೆ ಕಟ್ಟಿ ಅದರೊಳಗೇ ಓದಲು ಕೂರಿಸಿ. ನಾನೂ ಅಲ್ಲೇ ನುಸುಳುತ್ತೇನೆ.

6. ಫೀಸಿನ ದುಡ್ಡು

ಸರ್ಕಾರಿ ಮಾರುಕಟ್ಟೆಯಲ್ಲಿ ಗೂಡಿನ ದುಡ್ಡು ಈಗ ಬ್ಯಾಂಕ್ ಖಾತೆಗೇ ಬರುತ್ತದೆ. ಬಂದ ದಿನವೇ ಫೀಸಿನ ಪಾಲು ತೆಗೆದಿಡಿ. ಅಂಗಡಿ ಸಾಲ ತೀರಿಸಿ ಉಳಿದರೆ ಕಟ್ಟೋಣ ಅಂದುಕೊಂಡರೆ ಉಳಿಯುವುದಿಲ್ಲ. ಕೋರ್ಸ್ ಹುಡುಕುವವರಿಗೆ ಒಂದು ಮಾತು: ಮೈಸೂರಿನಲ್ಲಿ 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕನ್ನಡದಲ್ಲೇ ಬಿ.ಎ. ಓದಬಹುದು. ಸೇರುವ ಮುಂಚೆ ಪರೀಕ್ಷಾ ಕೇಂದ್ರ ಎಲ್ಲಿ, ಬಸ್ಸು ಎಷ್ಟು ಹೊತ್ತಿಗೆ, ವಿಚಾರಿಸಿಕೊಳ್ಳಿ.

7. ಹಸು

ಹುಳುವಿಗೆ ಬಿಡುವು ಇದೆ, ಹಸುವಿಗಿಲ್ಲ. ಬೆಳಿಗ್ಗೆ, ಸಂಜೆ ಕರೆಯಬೇಕು, ಡೇರಿ ಮುಚ್ಚುವುದರೊಳಗೆ ಹಾಲು ಹಾಕಬೇಕು. ಓದು ಮುಗಿಯುವ ತನಕ ಎರಡನೇ ಹಸು ಕಟ್ಟಬೇಡಿ. ಪರೀಕ್ಷೆಗೆ ಹತ್ತು ದಿನ ಇರುವಾಗಲೇ ಬೇರೆಯವರ ಕೈಗೆ ಹಸುವನ್ನು ರೂಢಿ ಮಾಡಿಸಿ. ಪರೀಕ್ಷೆ ದಿನವೇ ಶುರು ಮಾಡಿದರೆ ಅದು ಹಾಲು ಇಳಿಸುವುದಿಲ್ಲ. ನಮ್ಮ ಗೌರಿ ಮೊದಲ ದಿನ ಯಜಮಾನರ ಬಕೆಟ್ ಒದ್ದಳು, ಎರಡನೇ ದಿನ ಮೊಣಕಾಲು. ಮೂರನೇ ದಿನ ಅವರು ನನ್ನ ಹಳೇ ಶಾಲು ತಲೆ ತುಂಬ ಹೊದ್ದುಕೊಂಡು ಕೂತರು. ಗೌರಿ ಮೂಸಿ ನೋಡಿದಳು, ಸುಮ್ಮನೆ ನಿಂತಳು. ಪರೀಕ್ಷೆ ದಿನ ನಾನು ಆರೂವರೆ ಬಸ್ಸಿಗೆ ಹೊರಟಾಗ ಅವರು ಆ ಶಾಲಿನಲ್ಲೇ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತಿದ್ದರು.