ಬೀಚಿಗೆ ಹೋಗುವಾಗ ಪೌಡರ್ ಡಬ್ಬಿ ಇರಲಿ
ಗೋಕರ್ಣದ ಓಂ ಬೀಚಿಗೋ ಕಾರವಾರದ ಟಾಗೋರ್ ಕಡಲತೀರಕ್ಕೋ ಗೆಳೆಯರೆಲ್ಲ ಸೇರಿ ಹೊರಟರೆ, ವಾಪಸ್ ಕಾರು ಹತ್ತುವ ಮೊದಲು ಕಾಲಿಗೆ ಪೌಡರ್ ಉದುರಿಸಿ, ಅರ್ಧ ನಿಮಿಷ ಬಿಟ್ಟು ಒಣ ಟವೆಲಿನಿಂದ ಒರೆಸಿ, ಮರಳು ಸಲೀಸಾಗಿ ಉದುರುತ್ತದೆ. ಮರಳು ಅಂಟಿಕೊಳ್ಳುವುದು ಚರ್ಮದ ಮೇಲಿನ ನೀರಿನ ಪಸೆಯಿಂದ, ಆ ಪಸೆಯನ್ನು ಪೌಡರ್ ಹೀರಿಕೊಳ್ಳುತ್ತದೆ. ಬೆರಳ ಸಂದಿ, ಮೊಣಕಾಲ ಹಿಂಭಾಗ ಬಿಡಬೇಡಿ, ಸೀಟಿಗೆ ಬೀಳುವ ಮರಳು ಜಾಸ್ತಿ ಅಲ್ಲಿಯದೇ. ಕಾಲಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಸುಮ್ನೆ ಹಾಕಬೇಡಿ, ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ; ಮೊದಲು ಗಾಳಿಗೆ ಆರಲಿ. ಕೊಬ್ಬರಿ ಎಣ್ಣೆ, ಸನ್‌ಸ್ಕ್ರೀನ್ ಹಚ್ಚಿದ್ದರೂ ಇದು ನಡೆಯಲ್ಲ, ಮಳೆಯಲ್ಲಂತೂ ಬೇಡವೇ ಬೇಡ. ಇನ್ನು ಚಡ್ಡಿ ಜೇಬಿನ ತುಂಬ ಮರಳು ಹೊತ್ತು ಬರುವ ಗೆಳೆಯನೊಬ್ಬ ಎಲ್ಲ ಗುಂಪಿನಲ್ಲೂ ಇರ್ತಾನೆ ಅಲ್ವಾ, ಅವನ ಜೇಬು ಬೀಚಿನಲ್ಲೇ ತಿರುವಿ ಕೊಡವಿಸಿ, ಅದಕ್ಕೆ ಯಾವ ಪೌಡರೂ ಸಾಲದು.